ಬಟನ್, ಬಾಟಲ್, ರಿದಮ್: ಸ್ವರವೇ ಇಲ್ಲದ ಸಿಲಬಲ್ ಹೇಳುವುದು ಹೇಗೆ, ಬರೆಯುವುದು ಹೇಗೆ

ಇಂಗ್ಲಿಷಿನ ‘ಬಟನ್’ ಪದದಲ್ಲಿ ಸ್ವರ ಎಷ್ಟಿವೆ? ಕನ್ನಡದಲ್ಲಿ ಬರೆದ ಹಾಗೇ ಓದಿದರೆ ಎರಡು. ‘ಬ’ದಲ್ಲಿ ಒಂದು ಅಕಾರ, ‘ಟ’ದಲ್ಲಿ ಇನ್ನೊಂದು. ಆದರೆ ಇಂಗ್ಲಿಷ್ ಮನೆಮಾತಾಗಿರುವವರು ಸಹಜವಾಗಿ ಮಾತಾಡುವಾಗ ಈ ಪದವನ್ನು ಗಮನವಿಟ್ಟು ಕೇಳಿ. ‘ಬ’ ಸರಿಯಾಗಿ ಕೇಳಿಸುತ್ತದೆ. ಆಮೇಲೆ ‘ಟ್’ ಅಂತ ಗಾಳಿ ತಡೆದು ನಿಲ್ಲುತ್ತದೆ. ಅಲ್ಲಿಂದ ಸೀದಾ ಮೂಗಿನಿಂದ ‘ನ್’. ನಡುವೆ ಸ್ವರವೇ ಇಲ್ಲ. ಹಾಗಿದ್ದರೂ ಪದ ಎರಡು ಸಿಲಬಲ್ (ಒಂದೇ ಮಿಡಿತದಲ್ಲಿ ಹೇಳುವ ದನಿಯ ತುಂಡು) ಆಗಿಯೇ ಕೇಳುತ್ತದೆ.

ಸಾಮಾನ್ಯವಾಗಿ ಪ್ರತಿ ಸಿಲಬಲ್ಲಿನ ನಡುಮಧ್ಯೆ ಒಂದು ಸ್ವರ ಇರಬೇಕು. ಇಲ್ಲಿ ಆ ಜಾಗದಲ್ಲಿ ‘ನ್’ ಬಂದು ಕೂತಿದೆ. ಹೀಗೆ ಸ್ವರದ ಕೆಲಸವನ್ನು ತಾನೇ ಮಾಡುವ ವ್ಯಂಜನಕ್ಕೆ ಸಿಲಬಿಕ್ ಕಾನ್ಸೊನೆಂಟ್ ಅನ್ನುತ್ತಾರೆ. ‘ಸಿಲಬಲ್’ ಅನ್ನುವ ಪದದ ಕೊನೆಯಲ್ಲೇ ಅಂಥದ್ದೊಂದು ‘ಲ್’ ಇದೆ ನೋಡಿ.

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಜಾಸ್ತಿ ಬರುವವು ‘ಲ್’ ಮತ್ತು ‘ನ್’. ‘ಮ್’ ಕಡಿಮೆ. ‘ಙ್’ ಅಪರೂಪ. ಅಮೆರಿಕನ್ ಉಚ್ಚಾರದಲ್ಲಾದರೆ ‘ರ್’ ಕೂಡ ಸೇರುತ್ತದೆ. ಈ ಲೇಖನದಲ್ಲಿ ಸಿಲಬಲ್ ಒಡೆಯುವ ಕಡೆ ಅಡ್ಡಗೆರೆ ಹಾಕಿದ್ದೇನೆ: ಬಟ್-ನ್, ಬಾಟ್-ಲ್, ರಿದ್-ಮ್. ಗೆರೆಯ ಬಲಕ್ಕೆ ಅರ್ಧಾಕ್ಷರ ಒಂಟಿಯಾಗಿ ನಿಂತಿದ್ದರೆ, ಅದನ್ನು ಸ್ವರ ಸೇರಿಸದೆ ಪೂರ್ತಿ ಸಿಲಬಲ್ಲಿನಷ್ಟು ಹೊತ್ತು ಹೇಳಬೇಕು ಅಂತ ಅರ್ಥ.

ಇದು ನಮಗೆ ತೀರಾ ಅಪರಿಚಿತವೇನಲ್ಲ. ನಮ್ಮ ವರ್ಣಮಾಲೆಯಲ್ಲಿ ‘ಋ’ ಸ್ವರಗಳ ಸಾಲಿನಲ್ಲಿದೆ. ರಕಾರದ ಹಾಗೆ ಕೇಳುವ ಅಕ್ಷರಕ್ಕೆ ಅಲ್ಲೇನು ಕೆಲಸ ಅಂತ ಚಿಕ್ಕಂದಿನಲ್ಲಿ ಅನೇಕರಿಗೆ ಅನ್ನಿಸಿರುತ್ತದೆ, ಅಲ್ವಾ? ಹಳೆಯ ಸಂಸ್ಕೃತದಲ್ಲಿ ಅದು ಸ್ವರದ ಕೆಲಸ ಮಾಡುವ ‘ರ್’ ಆಗಿತ್ತು. ಅದಕ್ಕೇ ವೈಯಾಕರಣರು ಅದನ್ನು ಸ್ವರ ಅಂತ ಎಣಿಸಿದರು. ‘ಕ್ಲೃಪ್ತ’ ಪದದಲ್ಲಿರುವ ‘ಌ’ ಇದೇ ರೀತಿಯ ‘ಲ್’. ಕಾಲ ಕಳೆದ ಹಾಗೆ ನಾವು ‘ಋ’ಗೆ ಉಕಾರ ಸೇರಿಸಿ ‘ರು’ ಅನ್ನತೊಡಗಿದೆವು, ಉತ್ತರದವರು ಇಕಾರ ಸೇರಿಸಿ ‘ರಿ’ ಅಂದರು. ಒಂಟಿ ವ್ಯಂಜನ ಕಂಡರೆ ಪಕ್ಕದಲ್ಲಿ ಒಂದು ಸ್ವರ ಕೂರಿಸುವ ಇದೇ ಅಭ್ಯಾಸ ಈಗ ‘ಬಟನ್ನು’, ‘ಬಾಟಲು’ ಅನ್ನುವಾಗಲೂ ಕೆಲಸ ಮಾಡುತ್ತಿದೆ.

ಮೊದಲು ‘ಟ’ವನ್ನು ಮುಂದಕ್ಕೆ ತನ್ನಿ

ಹೆಚ್ಚಿನ ಪಾಠಗಳು ಈ ಹಂತವನ್ನು ಬಿಟ್ಟೇಬಿಡುತ್ತವೆ. ಕನ್ನಡಿಗರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಅಂತ ನನ್ನ ಅನಿಸಿಕೆ.

ನಮ್ಮ ‘ಟ’, ‘ಡ’ ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ‘ನ’ ಹೇಳುವಾಗ ಹಲ್ಲಿನ ಕಡೆಗೆ ಬರುತ್ತದೆ. ಅಂದರೆ ‘ಟ್’ನಿಂದ ‘ನ್’ಗೆ ಹೋಗಬೇಕಾದರೆ ನಾಲಿಗೆ ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ನೆಗೆಯಬೇಕು. ನೆಗೆಯುವ ಆ ಗಳಿಗೆಯಲ್ಲಿ ಬಾಯಿ ತೆರೆದಿರುತ್ತದೆ, ಗಂಟಲು ಗುಂಯ್‌ಗುಟ್ಟುತ್ತಿರುತ್ತದೆ. ಬಾಯಿ ತೆರೆದು ದನಿ ಬಂದರೆ ಅದೇ ಸ್ವರ. ನಾವು ಬೇಕು ಅಂತ ‘ಅ’ ಸೇರಿಸುವುದಿಲ್ಲ. ನಾಲಿಗೆ ಓಡಾಡುವುದರಿಂದ ಅದು ತಾನಾಗಿ ನುಸುಳುತ್ತದೆ.

ಇಂಗ್ಲಿಷಿನಲ್ಲಿ ಈ ತೊಂದರೆ ಇಲ್ಲ. ಅವರ ‘ಟ್’, ‘ಡ್’, ‘ನ್’, ‘ಲ್’ ನಾಲ್ಕೂ ಹುಟ್ಟುವುದು ಒಂದೇ ಜಾಗದಲ್ಲಿ, ಮೇಲಿನ ಹಲ್ಲಿನ ಹಿಂದೆ ಇರುವ ಉಬ್ಬಿನಲ್ಲಿ. ನಾಲಿಗೆಯ ತುದಿಯಿಂದ ಹಲ್ಲಿನ ಹಿಂಭಾಗ ಮುಟ್ಟಿ, ಹಾಗೇ ಸ್ವಲ್ಪ ಹಿಂದಕ್ಕೆ ಸರಿಸಿ. ಅಂಗುಳ ಮೇಲಕ್ಕೆ ಬಾಗುವುದಕ್ಕೆ ಮುಂಚೆ ಒಂದು ದಿಣ್ಣೆ ಸಿಗುತ್ತದೆ. ಅದೇ ಜಾಗ. ಅಲ್ಲಿ ನಾಲಿಗೆ ಇಟ್ಟು, ಮಡಚದೆ, ‘ಟ್’ ಅನ್ನಿ. ನಮ್ಮ ‘ತ’ಕ್ಕಿಂತ ಹಿಂದೆ, ‘ಟ’ಕ್ಕಿಂತ ಮುಂದೆ. ದನಿ ಸ್ವಲ್ಪ ತೆಳುವಾಗಿ ಕೇಳಿದರೆ ಸರಿಯಾಗಿದೆ ಅಂತ ಲೆಕ್ಕ. ಇದು ಕೂರದೆ ಮುಂದಿನ ಹಂತಕ್ಕೆ ಹೋಗಬೇಡಿ.

‘ನ್’: ನಾಲಿಗೆ ಎತ್ತಬೇಡಿ

‘ರತ್ನ’ ಅನ್ನಿ. ‘ಪ್ರಯತ್ನ’ ಅನ್ನಿ. ‘ತ್’ ಮುಗಿದು ‘ನ’ ಶುರುವಾಗುವಾಗ ನಾಲಿಗೆ ಹಲ್ಲು ಬಿಟ್ಟು ಏಳುತ್ತದೆಯೇ? ಇಲ್ಲ. ಇದ್ದಲ್ಲೇ ಇರುತ್ತದೆ. ಬಾಯೊಳಗೆ ಒತ್ತಿಕೊಂಡಿದ್ದ ಗಾಳಿ ಮೂಗಿನ ದಾರಿ ಹಿಡಿಯುತ್ತದೆ, ಅಷ್ಟೆ. ಅಂಗುಳದ ಹಿಂದಿನ ಮೆತ್ತನೆಯ ಭಾಗ ಕೆಳಗಿಳಿದು ಆ ದಾರಿ ತೆರೆಯುತ್ತದೆ. ಇಂಗ್ಲಿಷಿನ ‘ಬಟ್-ನ್’ನಲ್ಲಿ ಆಗುವುದೂ ಇದೇ. ಧ್ವನಿವಿಜ್ಞಾನದಲ್ಲಿ ಇದಕ್ಕೆ ನೇಸಲ್ ರಿಲೀಸ್ ಅನ್ನುತ್ತಾರೆ.

ಈಗ ‘ರತ್ನ’ವನ್ನು ಕೊನೆಯ ಅಕಾರ ಬರುವ ಮುಂಚೆ ನಿಲ್ಲಿಸಿ. ರತ್-ನ್‌ನ್‌ನ್. ‘ನ್’ ಅನ್ನು ಎಳೆಯಿರಿ. ನಾಲಿಗೆ ಹಲ್ಲಿಗೆ ಅಂಟಿಕೊಂಡೇ ಇರಲಿ. ಇದು ಬಂದರೆ ‘ತ್’ ಜಾಗದಲ್ಲಿ ಈಗಷ್ಟೇ ಕಲಿತ ದಿಣ್ಣೆಯ ‘ಟ್’ ಹಾಕಿ: ಬಟ್-ನ್, ಕಾಟ್-ನ್, ರಿಟ್-ನ್, ಕಿಟ್-ನ್. ಆಮೇಲೆ ‘ಡ್’: ಸಡ್-ನ್, ಹಿಡ್-ನ್, ಗಾರ್ಡ್-ನ್.

ಸರಿಯಾಗಿ ಬಂತೋ ಇಲ್ಲವೋ ನೋಡಲು ಮೂಗು ಹಿಡಿದುಕೊಳ್ಳಿ. ‘ಬಟ್’ ತನಕ ತೊಂದರೆ ಇರುವುದಿಲ್ಲ. ‘ನ್’ ಬರುವಾಗ ದನಿ ಥಟ್ಟನೆ ಕಟ್ಟಿಕೊಳ್ಳಬೇಕು. ಬಾಯಿಯೂ ಮುಚ್ಚಿದೆ, ಮೂಗೂ ಮುಚ್ಚಿದೆ, ಗಾಳಿಗೆ ದಾರಿಯೇ ಇಲ್ಲ. ಬದಲಿಗೆ ಸಣ್ಣದೊಂದು ‘ಅ’ ಹೊರಬಂದು ಆಮೇಲೆ ಕಟ್ಟಿಕೊಂಡರೆ, ನಾಲಿಗೆ ಎದ್ದಿದೆ ಅಂತ ಅರ್ಥ.

ಸಿಲಬಲ್ ಎಣಿಸಲು ಗಲ್ಲದ ಕೆಳಗೆ ಕೈ ಇಟ್ಟುಕೊಳ್ಳಿ, ಎಷ್ಟು ಸಲ ಗಲ್ಲ ಇಳಿಯುತ್ತದೋ ಅಷ್ಟು ಸಿಲಬಲ್ ಅಂತ ಹೇಳಿಕೊಡುತ್ತಾರಲ್ಲ, ಆ ಉಪಾಯ ಇಲ್ಲಿ ನಡೆಯುವುದಿಲ್ಲ. ‘ಬಟ್-ನ್’ಗೆ ಗಲ್ಲ ಇಳಿಯುವುದು ಒಂದೇ ಸಲ. ಸಿಲಬಲ್ ಮಾತ್ರ ಎರಡು.

‘ಟ್’, ‘ಡ್’ ಆದಮೇಲೆ ಸುಲಭವಾದದ್ದು ‘ಸ್’, ‘ಝ್’, ‘ಶ್’. ‘ಪ್ರಶ್ನೆ’ ಅನ್ನಿ, ಎಕಾರಕ್ಕೆ ಮುಂಚೆ ನಿಲ್ಲಿಸಿ. ಪ್ರಶ್-ನ್. ಅದೇ ಬಾಯಲ್ಲಿ ಸ್ಟೇಶ್-ನ್, ನೇಶ್-ನ್, ಓಶ್-ನ್. ಹಾಗೇ ಲೆಸ್-ನ್, ಲಿಸ್-ನ್, ಪ್ರಿಝ್-ನ್.

ಇನ್ನೊಂದು ವಿಷಯ. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ‘ಬಟನ್’, ‘ಕಾಟನ್’ ಹೇಳುವಾಗ ಅನೇಕರು ‘ಟ್’ ಅನ್ನು ನಾಲಿಗೆಯಿಂದ ಹೇಳುವುದೇ ಇಲ್ಲ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯುತ್ತೇವಲ್ಲ, ಹಾಗೆ ಗಂಟಲಲ್ಲೇ ಗಾಳಿ ತಡೆದು, ಅಲ್ಲಿಂದ ನೇರ ‘ನ್’ಗೆ ಬಿಡುತ್ತಾರೆ. ಕೇಳುವವರಿಗೆ ‘ಬ’ ಆದಮೇಲೆ ಒಂದು ಸಣ್ಣ ಖಾಲಿ ಜಾಗ, ಆಮೇಲೆ ‘ನ್’. ಇದನ್ನು ನೀವೂ ಅನುಕರಿಸಬೇಕು ಅಂತೇನಿಲ್ಲ. ಕೇಳಿದಾಗ ಗುರುತು ಸಿಕ್ಕರೆ ಸಾಕು.

‘ಡಿಡಂಟ್’ ಬಿಡಿ

ನಾನು ಯಾರಿಗಾದರೂ ಒಂದೇ ಪದ ಕಲಿಸಬೇಕಾದರೆ ಇದನ್ನೇ ಕಲಿಸುತ್ತೇನೆ. ದಿನಕ್ಕೆ ಎಷ್ಟೋ ಸಲ ಬರುವ ಪದ, ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ‘ಡಿಡಂಟ್’ ಆಗಿರುತ್ತದೆ. ಆಗಬೇಕಾದದ್ದು ಡಿಡ್-ನ್ಟ್.

ನಿಧಾನವಾಗಿ ನೋಡೋಣ. ಮೊದಲ ‘ಡಿ’ಗೆ ನಾಲಿಗೆ ದಿಣ್ಣೆ ತಾಗಿ ಕೆಳಗಿಳಿಯುತ್ತದೆ, ಇಕಾರ ಬರುತ್ತದೆ. ಎರಡನೆಯ ‘ಡ್’ಗೆ ಮತ್ತೆ ದಿಣ್ಣೆಗೆ ಹೋಗುತ್ತದೆ. ಅಲ್ಲಿಗೆ ನಾಲಿಗೆಯ ಓಡಾಟ ಮುಗಿಯಿತು. ‘ಡ್’, ‘ನ್’, ‘ಟ್’ ಮೂರೂ ಅದೇ ಒಂದು ಸ್ಪರ್ಶದಲ್ಲಿ ಆಗಿಹೋಗುತ್ತವೆ. ಮೂಗಿನ ದಾರಿ ತೆರೆದಾಗ ‘ನ್’, ಮುಚ್ಚಿದಾಗ ‘ಟ್’. ವುಡ್-ನ್ಟ್, ಕುಡ್-ನ್ಟ್, ಶುಡ್-ನ್ಟ್, ಹ್ಯಾಡ್-ನ್ಟ್ ಎಲ್ಲಕ್ಕೂ ಇದೇ ಕ್ರಮ. ಇಝ್-ನ್ಟ್, ಡಝ್-ನ್ಟ್ ಕೂಡ ಹತ್ತಿರದವೇ. ಈ ಗುಂಪು ಸರಿಹೋದರೆ ಮಾತಿನ ಲಯವೇ ಬದಲಾದ ಹಾಗೆ ಕೇಳುತ್ತದೆ, ‘ಬಟನ್’ ಆಮೇಲೆ ತಿದ್ದಿಕೊಳ್ಳಬಹುದು.

‘ಲ್’: ತುದಿ ಹಾಗೇ, ಅಂಚು ಕೆಳಗೆ

ಇಲ್ಲಿ ನಮ್ಮ ಆಡುಮಾತು ಪುಸ್ತಕದ ಮಾತಿಗಿಂತ ಮುಂದಿದೆ. ‘ಬಾಟಲ್’ ಅನ್ನುವ ಬದಲು ‘ಬಾಟ್ಲಿ’ ಅನ್ನುತ್ತೇವಲ್ಲ, ಆ ‘ಟ್ಲ್’ ಬಹುಪಾಲು ಸರಿಯಾಗಿದೆ. ‘ಕತ್ಲೆ’, ‘ಕೂಡ್ಲೆ’ ಅನ್ನುವಾಗಲೂ ಅಷ್ಟೇ. ‘ಬಾಟ್ಲಿ’ ಅನ್ನಿ, ಕೊನೆಯ ಇಕಾರ ಬಿಡಿ, ‘ಲ್’ ಎಳೆಯಿರಿ. ಬಾಟ್-ಲ್‌ಲ್‌ಲ್. ನಾಲಿಗೆಯ ತುದಿ ದಿಣ್ಣೆ ಬಿಡಬಾರದು. ಎರಡೂ ಪಕ್ಕದ ಅಂಚು ಮಾತ್ರ ಕೆಳಗಿಳಿದು, ಗಾಳಿ ಅಲ್ಲಿಂದ ಜಾರಬೇಕು. ಲಿಟ್-ಲ್, ಮಿಡ್-ಲ್, ಮೆಡ್-ಲ್. ನಾಲಿಗೆ ತಾಗದ ವ್ಯಂಜನವಾದರೆ ಇನ್ನೂ ಸುಲಭ: ಆ್ಯಪ್-ಲ್, ಟೇಬ್-ಲ್, ಪೀಪ್-ಲ್. ತುಟಿ ಮುಚ್ಚಿರುವಾಗಲೇ ನಾಲಿಗೆಯನ್ನು ‘ಲ್’ ಜಾಗದಲ್ಲಿ ಇಟ್ಟು ಸಿದ್ಧ ಮಾಡಿಕೊಳ್ಳಿ.

ಇಂಗ್ಲಿಷಿನ ಈ ‘ಲ್’ ನಮ್ಮದಕ್ಕಿಂತ ಗಾಢ. ನಾಲಿಗೆಯ ಹಿಂಭಾಗ ಸ್ವಲ್ಪ ಮೇಲೇಳುವುದರಿಂದ ಉಕಾರದ ಛಾಯೆ ಬರುತ್ತದೆ. ಲಂಡನ್ನಿನ ಆಡುಮಾತಿನಲ್ಲಿ ಆ ಛಾಯೆಯೇ ಪೂರ್ತಿ ‘ಲ್’ ಅನ್ನು ನುಂಗಿ, ‘ಬಾಟಲ್’ ಕೊನೆಗೆ ‘ಉ’ ಅಥವಾ ‘ಒ’ ಹಾಗೆ ಕೇಳುವುದುಂಟು. ಅಮೆರಿಕದವರ ಬಾಯಲ್ಲಾದರೆ ‘ಟ್’ ಕ್ಷಣಮಾತ್ರ ತಾಗಿ ಹಾರುವುದರಿಂದ ನಮ್ಮ ಕಿವಿಗೆ ‘ಬಾಡ್-ಲ್’ ಅನ್ನಿಸುತ್ತದೆ.

‘ಮ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಿದ್-ಮ್, ಪ್ರಿಝ್-ಮ್, ಮತ್ತೆ ‘ಟೂರಿಸಂ’, ‘ಸೋಷಿಯಲಿಸಂ’ ಥರದ ಎಲ್ಲ ಪದಗಳ ಕೊನೆ. ಇಲ್ಲಿ ಸಣ್ಣ ಸ್ವರ ಸೇರಿಸಿ ಹೇಳುವವರೂ ಬೇಕಾದಷ್ಟು ಜನ. ‘ಹ್ಯಾಪನ್’, ‘ಓಪನ್’ ಪದಗಳು ವೇಗದ ಮಾತಿನಲ್ಲಿ ಹ್ಯಾಪ್-ಮ್, ಓಪ್-ಮ್ ಆಗುತ್ತವೆ. ‘ಪ್’ಗೆ ಮುಚ್ಚಿದ ತುಟಿ ತೆರೆಯಲು ಸೋಮಾರಿತನ, ಅದಕ್ಕೇ ‘ನ್’ ಬದಲು ‘ಮ್’. ‘ಬೇಕನ್’ ಇದೇ ಕಾರಣಕ್ಕೆ ಬೇಕ್-ಙ್ ಆಗಬಹುದು.

ಯಾವ ಪದದಲ್ಲಿ ಇದೆ, ಯಾವುದರಲ್ಲಿ ಇಲ್ಲ

‘ಮಿಲ್ಕ್’, ‘ಫಿಲ್ಮ್’, ‘ಕಿಲ್ನ್’ ಒಂದೇ ಸಿಲಬಲ್. ‘ರಿದ್-ಮ್’ ಮಾತ್ರ ಎರಡು. ಯಾಕೆ? ‘ಲ್’, ‘ನ್’, ‘ಮ್’ ಎಳೆಯಬಹುದಾದ, ಮೊಳಗುವ ದನಿಗಳು. ‘ಟ್’, ‘ದ್’, ‘ಸ್’ ಅವಕ್ಕಿಂತ ಮಂಕು. ‘ಫಿಲ್ಮ್’ನಲ್ಲಿ ಮೊಳಗು ಇಕಾರದಿಂದ ‘ಲ್’ಗೆ, ಅಲ್ಲಿಂದ ‘ಮ್’ಗೆ ಇಳಿಯುತ್ತಾ ಹೋಗುತ್ತದೆ. ‘ರಿದ್-ಮ್’ನಲ್ಲಿ ‘ದ್’ ಹತ್ತಿರ ಇಳಿದದ್ದು ‘ಮ್’ಗೆ ಮತ್ತೆ ಏರುತ್ತದೆ. ಏರಿದ ಕಡೆ ಹೊಸ ಸಿಲಬಲ್ ಹುಟ್ಟುತ್ತದೆ. ಪದದ ಕೊನೆಯಲ್ಲಿ ಮಂಕು ವ್ಯಂಜನ, ಅದರ ಹಿಂದೆಯೇ ಮೊಳಗುವ ವ್ಯಂಜನ ಬಂದರೆ ಎರಡನೆಯದು ಸಿಲಬಿಕ್. ಇಷ್ಟು ನೆನಪಿದ್ದರೆ ಮುಂದೆ ಡಿಕ್ಷನರಿ ಓದುವಾಗ ತುಂಬಾ ಉಪಯೋಗಕ್ಕೆ ಬರುತ್ತದೆ.

ಆದರೆ ಎಲ್ಲ ಕಡೆ ಸ್ವರ ನುಂಗಲು ಹೋಗಬೇಡಿ. ‘ಲೆಮನ್’, ‘ಕಾಮನ್’, ‘ಮೆಲನ್’ ಪದಗಳಲ್ಲಿ ‘ನ್’ಗೆ ಮುಂಚೆ ಮೊಳಗುವ ದನಿಯೇ ಇರುವುದರಿಂದ ಸಣ್ಣ ಸ್ವರ ಉಳಿಯುತ್ತದೆ. ‘ಕಿಚನ್’, ‘ಪಿಜನ್’ ಕೂಡ ಹಾಗೇ. ‘ಲಂಡನ್’ ಪದದಲ್ಲಿ ‘ಡ್’ ಇದ್ದರೂ ಅದಕ್ಕೆ ಮುಂಚೆ ಇನ್ನೊಂದು ‘ನ್’ ಇದೆ. ಅಲ್ಲೂ ಸಾಮಾನ್ಯವಾಗಿ ಸ್ವರ ಬಿಡುವುದಿಲ್ಲ. ಒತ್ತು ಬೀಳುವ, ಅಂದರೆ ಉಳಿದವಕ್ಕಿಂತ ಜೋರಾಗಿ ಹೇಳುವ ಸಿಲಬಲ್ಲಿನಲ್ಲಂತೂ ಸ್ವರ ಇರಲೇಬೇಕು. ‘ಹೊಟೆಲ್’ ಪದಕ್ಕೆ ಇಂಗ್ಲಿಷಿನಲ್ಲಿ ಒತ್ತು ಕೊನೆಗೆ, ಹಾಗಾಗಿ ‘ಟೆಲ್’ ಪೂರ್ತಿ ಕೇಳಬೇಕು. ಇದಕ್ಕೆ ಹೊರಗು ಅಮೆರಿಕನ್ ‘ರ್’ ಒಂದೇ. ‘ಬರ್ಡ್’ ಅಂದಾಗ ಅವರ ಬಾಯಲ್ಲಿ ‘ಬ್’ ಮತ್ತು ‘ಡ್’ ನಡುವೆ ಇರುವುದು ಬರೀ ‘ರ್’. ‘ಬೃಡ್’ ಅಂತ ಬರೆದು, ‘ಋ’ವನ್ನು ‘ರು’ ಮಾಡದೆ ಹಳೆಯ ರೀತಿಯಲ್ಲಿ ಓದಿದರೆ ಹತ್ತಿರ ಬರುತ್ತದೆ.

ಕೆಲವು ಕಡೆ ಸಿಲಬಿಕ್ ಹೌದೋ ಅಲ್ಲವೋ ಅನ್ನುವುದರಿಂದ ಅರ್ಥವೇ ಬದಲಾಗುತ್ತದೆ. ಮಿಂಚು ಅನ್ನುವ ಅರ್ಥದ ‘ಲೈಟ್ನಿಂಗ್’ ಎರಡು ಸಿಲಬಲ್. ಹಗುರ ಮಾಡುವುದು ಅನ್ನುವ ಅರ್ಥದ್ದು ಲೈಟ್-ನ್-ಇಂಗ್, ಮೂರು. ‘ಹಂಗ್ರಿ’ ಅಂದರೆ ಹಸಿದಿರುವ, ‘ಹಂಗ್-ರ್-ಇ’ ಅಂದರೆ ಹಂಗೆರಿ ದೇಶ. ಎರಡು ಸಿಲಬಿಕ್ ಒಟ್ಟಿಗೆ ಬರುವುದೂ ಉಂಟು: ‘ನ್ಯಾಷನಲ್’ ಪದ ನ್ಯಾಶ್-ನ್-ಲ್ ಆಗಬಲ್ಲದು. ಇದನ್ನು ಕೇಳಿ ಗಾಬರಿಯಾಗಬೇಡಿ. ‘ನ್ಯಾಶ್ನಲ್’ ಅಂದರೂ ಯಾರೂ ತಪ್ಪು ಅನ್ನುವುದಿಲ್ಲ.

ಬರೆಯುವ ಚಿಹ್ನೆಗಳು

ಇಲ್ಲಿ ಗೊಂದಲ ಜಾಸ್ತಿ. ಒಂದೇ ಉಚ್ಚಾರವನ್ನು ಒಂದೊಂದು ಡಿಕ್ಷನರಿ ಒಂದೊಂದು ಥರ ಬರೆಯುತ್ತದೆ.

ಐಪಿಎ ಅಂತ ಕರೆಯುವ ಅಂತರರಾಷ್ಟ್ರೀಯ ಧ್ವನಿ ಲಿಪಿಯಲ್ಲಿ ನಿಯಮ ಸ್ಪಷ್ಟವಾಗಿದೆ. ವ್ಯಂಜನದ ಕೆಳಗೆ ನೇರವಾದ ಪುಟ್ಟ ಗೀಟು. ಅಕ್ಷರಕ್ಕೆ ಕೆಳಗೆ ಬಾಲ ಇದ್ದರೆ ಗೀಟನ್ನು ತಲೆಯ ಮೇಲೆ ಹಾಕಬಹುದು. ‘ಙ್’ ದನಿಯ ಚಿಹ್ನೆಗೆ ಬಾಲ ಇರುವುದರಿಂದ ಅಲ್ಲಿ ಮೇಲಿನ ಗೀಟು ಕಾಣುತ್ತದೆ. ಎಡವುವುದು ಎಲ್ಲಿ ಅಂದರೆ, ಐಪಿಎಯಲ್ಲಿ ಒತ್ತು ತೋರಿಸಲು ಬಳಸುವುದೂ ಇಂಥದ್ದೇ ಗೀಟು. ಸಿಲಬಲ್ಲಿಗೆ ಮುಂಚೆ, ಮೇಲ್ಗಡೆ ಇದ್ದರೆ ಮುಖ್ಯ ಒತ್ತು. ಮುಂಚೆ, ಕೆಳಗಡೆ ಇದ್ದರೆ ಎರಡನೇ ದರ್ಜೆಯ ಒತ್ತು. ಅಕ್ಷರದ ನೇರ ಕೆಳಗಿದ್ದರೆ ಮಾತ್ರ ಸಿಲಬಿಕ್. ಸಣ್ಣ ಅಕ್ಷರದ ಅಚ್ಚಿನಲ್ಲಿ ಇವು ಒಂದೇ ಥರ ಕಾಣುತ್ತವೆ, ಕಣ್ಣು ಹತ್ತಿರ ತಂದು ನೋಡಿ.

ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ಗೀಟನ್ನೇ ಹಾಕುವುದಿಲ್ಲ. ‘ಬಟನ್’ಗೆ ಕೊನೆಯಲ್ಲಿ ‘ಟ್’, ‘ನ್’ ಚಿಹ್ನೆಗಳು ಅಕ್ಕಪಕ್ಕ ಇರುತ್ತವೆ, ಅಷ್ಟೇ. ಮಂಕು ದನಿಯ ಹಿಂದೆ ಮೊಳಗುವ ದನಿ ಬಂದದ್ದನ್ನು ನೋಡಿ ನೀವೇ ಅರ್ಥ ಮಾಡಿಕೊಳ್ಳಬೇಕು. ಮೇಲೆ ಹೇಳಿದ ಏರಿಳಿತದ ಲೆಕ್ಕ ಗೊತ್ತಿಲ್ಲದವರು ಇದನ್ನು ಮುದ್ರಣದೋಷ ಅಂದುಕೊಂಡರೆ ಆಶ್ಚರ್ಯವಿಲ್ಲ.

ಮೂರನೆಯ ಪದ್ಧತಿಯಲ್ಲಿ ಶ್ವಾ ಬರುತ್ತದೆ. ಇಂಗ್ಲಿಷಿನ ‘e’ ಅಕ್ಷರವನ್ನು ತಲೆಕೆಳಗೆ ಮಾಡಿದ ಹಾಗಿರುವ ಚಿಹ್ನೆ ಅದು, ಒತ್ತಿಲ್ಲದ ಸಣ್ಣ ‘ಅ’ ದನಿಗೆ. ಅದನ್ನು ಪುಟ್ಟದಾಗಿ, ಸಾಲಿನಿಂದ ಮೇಲಕ್ಕೆತ್ತಿ, ‘ಲ್’ ಅಥವಾ ‘ನ್’ ಚಿಹ್ನೆಯ ಮುಂಚೆ ಬರೆಯುತ್ತಾರೆ. ಬ್ರಿಟಿಷ್ ಧ್ವನಿವಿಜ್ಞಾನಿ ಜಾನ್ ವೆಲ್ಸ್ ರೂಪಿಸಿ 1990ರಲ್ಲಿ ಮೊದಲು ಹೊರಬಂದ ಲಾಂಗ್‌ಮನ್ ಪ್ರನನ್ಸಿಯೇಷನ್ ಡಿಕ್ಷನರಿಯಲ್ಲಿ ಈ ಪದ್ಧತಿ ಇದೆ. ಹೀಗೆ ಮೇಲೆತ್ತಿ ಬರೆದ ದನಿ ಐಚ್ಛಿಕ: ಸಾಮಾನ್ಯವಾಗಿ ಹೇಳಬೇಡಿ, ಹೇಳಿದರೂ ನಡೆಯುತ್ತದೆ ಅಂತ. ನನಗೆ ಎಲ್ಲಕ್ಕಿಂತ ಪ್ರಾಮಾಣಿಕ ಅನ್ನಿಸುವುದು ಇದೇ. ಜನ ನಿಜಕ್ಕೂ ಎರಡೂ ಥರ ಹೇಳುತ್ತಾರಲ್ಲ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ಕೂಡ ಮೇಲೆತ್ತಿದ ಶ್ವಾ ಬಳಸುತ್ತದೆ. ಆದರೆ ಅಲ್ಲಿ ‘ಬಟನ್’ನ ಮೊದಲ, ಒತ್ತುಳ್ಳ ಸ್ವರಕ್ಕೂ ಶ್ವಾ ಚಿಹ್ನೆಯನ್ನೇ ಪೂರ್ತಿ ಗಾತ್ರದಲ್ಲಿ ಬರೆಯುತ್ತಾರೆ. ಒಂದೇ ಪದದಲ್ಲಿ ದೊಡ್ಡ ಶ್ವಾ ಒಂದು, ಸಣ್ಣ ಶ್ವಾ ಒಂದು. ಗಾತ್ರ ಗಮನಿಸದಿದ್ದರೆ ಎರಡನ್ನೂ ‘ಅ’ ಅಂತಲೇ ಓದುತ್ತೀರಿ.

ಇನ್ನು ಕೆಲವರು ಶ್ವಾವನ್ನು ಆವರಣ ಚಿಹ್ನೆಯೊಳಗೆ ಹಾಕುತ್ತಾರೆ. ಕೆಲವರು ಪೂರ್ತಿ ಶ್ವಾ ಬರೆದು ಸುಮ್ನೆ ಬಿಡುತ್ತಾರೆ. ಕಂಪ್ಯೂಟರಿಗೆ ಮಾತು ಕಲಿಸುವವರು ಬಳಸುವ ಸಿಎಂಯು ಡಿಕ್ಷನರಿಯಲ್ಲಿ ಸಿಲಬಿಕ್ ಅಂತ ಬೇರೆ ಗುರುತೇ ಇಲ್ಲ, ಒತ್ತಿಲ್ಲದ ಸ್ವರ ಮತ್ತು ವ್ಯಂಜನ ಅಂತಲೇ ಬರೆದಿರುತ್ತದೆ.

ನೀವೇ ಟೈಪ್ ಮಾಡಬೇಕಾದರೆ: ಯೂನಿಕೋಡಿನಲ್ಲಿ ಕೆಳಗಿನ ಗೀಟಿನ ಸಂಖ್ಯೆ 0329. ಮೊದಲು ವ್ಯಂಜನ, ಆಮೇಲೆ ಗೀಟು. ಹಿಂದುಮುಂದಾದರೆ ಗೀಟು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ. ವಿಶೇಷ ಚಿಹ್ನೆ ಸಿಗದ ಕಡೆ, ವೆಲ್ಸ್ ಅವರೇ 1995ರಲ್ಲಿ ಮುಂದಿಟ್ಟ ಎಕ್ಸ್-ಸಾಂಪಾ ಪದ್ಧತಿಯಂತೆ ವ್ಯಂಜನ ಬರೆದ ಮೇಲೆ ಸಮ ಚಿಹ್ನೆ (=) ಹಾಕಿದರೆ ಸಾಕು.

ಒಂದು ಸಾಲು ಬಿಡಿಸಿ ನೋಡೋಣ

‘ಸಡನ್ಲಿ ದ ಲಿಟಲ್ ಬಟನ್ ಡಿಡಂಟ್ ಫಾಸನ್.’ ಬೇಕಂತಲೇ ಕಟ್ಟಿದ ವಾಕ್ಯ. ಪುಟ್ಟ ಬಟನ್ ಇದ್ದಕ್ಕಿದ್ದಂತೆ ಹಾಕಿಕೊಳ್ಳದೆ ಹೋಯಿತು ಅಂತ. ಸಿಲಬಲ್ ಒಡೆದರೆ ಹೀಗೆ:

ಸಡ್-ನ್-ಲಿ ದ ಲಿಟ್-ಲ್ ಬಟ್-ನ್ ಡಿಡ್-ನ್ಟ್ ಫಾಸ್-ನ್.

ಒಟ್ಟು ಹನ್ನೆರಡು ಸಿಲಬಲ್, ಸ್ವರ ಏಳೇ. ಉಳಿದ ಐದನ್ನು ನಾಲ್ಕು ‘ನ್’, ಒಂದು ‘ಲ್’ ನಡೆಸುತ್ತಿವೆ. ಐಪಿಎಯಲ್ಲಿ ಬರೆದರೆ ಈ ಐದರ ಕೆಳಗೂ ಗೀಟು ಬರಬೇಕು. ಲಾಂಗ್‌ಮನ್ ಕ್ರಮದಲ್ಲಾದರೆ ಐದಕ್ಕೂ ಮುಂಚೆ ಮೇಲೆತ್ತಿದ ಶ್ವಾ.

ಮೊದಲ ಸಲ ಹೇಳುವಾಗ ಕಷ್ಟವಾಗುವುದು ‘ಸಡ್-ನ್-ಲಿ’. ‘ಡ್’ನಿಂದ ‘ನ್’ಗೆ, ‘ನ್’ನಿಂದ ‘ಲ್’ಗೆ ನಾಲಿಗೆಯ ತುದಿ ದಿಣ್ಣೆ ಬಿಡುವುದೇ ಇಲ್ಲ. ಮೊದಲು ಮೂಗು ತೆರೆಯುತ್ತದೆ, ಆಮೇಲೆ ಮೂಗು ಮುಚ್ಚಿ ನಾಲಿಗೆಯ ಅಂಚು ಇಳಿಯುತ್ತದೆ. ‘ಡಿಡ್-ನ್ಟ್ ಫಾಸ್-ನ್’ನಲ್ಲಿ ‘ಟ್’ ಅನ್ನು ಸಿಡಿಸಬೇಡಿ, ತಡೆದು ಹಾಗೇ ‘ಫ್’ಗೆ ಹೋಗಿ. ಮೊಬೈಲಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ, ಅರ್ಧ ವೇಗದಲ್ಲಿ ಕೇಳಿ. ನುಸುಳಿದ ಅಕಾರಗಳು ಆ ವೇಗದಲ್ಲಿ ಚೆನ್ನಾಗಿ ಗೊತ್ತಾಗುತ್ತವೆ. ಒಂದೆರಡು ಉಳಿದುಕೊಂಡರೆ ಚಿಂತೆಯಿಲ್ಲ, ಅವು ಶ್ವಾದಷ್ಟು ಸಣ್ಣದಾಗಿದ್ದರೆ ಸಾಕು. ‘ಬಟನ್ನು’ ಅನ್ನುವಾಗಿನ ತುಂಬಿದ ಅಕಾರ ಮತ್ತು ಬಾಲದ ಉಕಾರ ಎರಡನ್ನು ಮೊದಲು ತೆಗೆಯಿರಿ.